ಐಸಿಯು ಬಾಗಿಲಿಗೆ ಹೋಗುವ ಮೊದಲೇ ಹೇಳಿಬಿಡಿ

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರನ್ನು ನಮ್ಮ ಹಿರಿಯರು ಮರೆತಿರಲಾರರು. 1973ರ ನವೆಂಬರ್‌ನಲ್ಲಿ ಅಲ್ಲಿನ ನೌಕರನೊಬ್ಬನ ಹಲ್ಲೆಯಿಂದ ಮಿದುಳು ಘಾಸಿಗೊಂಡು ಮಲಗಿದವರು, 2015ರ ಮೇ ತಿಂಗಳಲ್ಲಿ ಸಾಯುವ ತನಕ ಅದೇ ಆಸ್ಪತ್ರೆಯಲ್ಲಿದ್ದರು. ಅವರಿಗೆ ಈ ಬದುಕಿನಿಂದ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಕೂಡದು, ನಾವಿದ್ದೇವೆ, ನೋಡಿಕೊಳ್ಳುತ್ತೇವೆ ಎಂದರು ಆಸ್ಪತ್ರೆಯವರು. 2011ರಲ್ಲಿ ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ. ಎರಡೂ ಕಡೆ ಇದ್ದದ್ದು ಅಂತಃಕರಣವೇ. ಆದರೆ ಸ್ವತಃ ಅರುಣಾ ಏನೆನ್ನುತ್ತಿದ್ದರು? ಇಪ್ಪತ್ತೈದರ ಹುಡುಗಿಯನ್ನು ಅದನ್ನೆಲ್ಲ ಯಾರು ಕೇಳಿಟ್ಟಿರುತ್ತಾರೆ!

ನಮ್ಮನ್ನಾದರೂ ಯಾರು ಕೇಳಿದ್ದಾರೆ? ಎರಡೆಕರೆ ತೋಟಕ್ಕೆ ವಿಲ್ ಬರೆಸುವ ನಾವು, ವೆಂಟಿಲೇಟರ್ ವಿಷಯ ಎತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತೇವೆ. ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದ ಮೇಲೆ ಊರೂರಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಸತ್ತ ಮೇಲಿನ ಮಾತಿಗೆ ಇಲ್ಲದ ಅಂಜಿಕೆ ಸಾಯುವ ಮುಂಚಿನ ಮಾತಿಗೆ ಯಾಕೋ!

ಈ ಮೌನದ ಪೆಟ್ಟು ಬೀಳುವುದು ಮಕ್ಕಳ ಮೇಲೆ. ನಡುರಾತ್ರಿ ಡಾಕ್ಟರು ಸಹಿ ಕೇಳುತ್ತಾರೆ. ಮಗಳು ‘ಅಮ್ಮನಿಗೆ ಇಷ್ಟು ಹಿಂಸೆ ಸಾಕು’ ಎನ್ನುತ್ತಾಳೆ. ಅಮೆರಿಕದಿಂದ ಹೊರಟ ಮಗ ‘ನಾನು ಬರೋವರೆಗೂ ಏನೂ ತೆಗೀಬೇಡಿ’ ಎನ್ನುತ್ತಾನೆ. ‘ದುಡ್ಡಿನ ಮುಖ ನೋಡಿ ಕೈಬಿಟ್ಟರು ಅಂತ ನಾಳೆ ಜನ ಆಡಿಕೊಳ್ಳುತ್ತಾರೆ’ ಎಂಬ ಭಯ ಚಿಕ್ಕಪ್ಪನದು. ಅಮ್ಮನಿಗೆ ಯಾವುದು ಮುಖ್ಯವಾಗಿತ್ತು ಎಂಬುದೊಂದನ್ನು ಬಿಟ್ಟು ಉಳಿದೆಲ್ಲವೂ ಚರ್ಚೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ತಿಥಿ ಮುಗಿದ ಮೇಲೂ ಆ ಜಗಳ ಮುಗಿದಿಲ್ಲ.

ಕಾನೂನು ನಮಗಿಂತ ಮುಂದೆ ನಡೆದಿದೆ. ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದರು. ತೀರ್ಪನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಮ್ಮ ಪರವಾಗಿ ಮಾತಾಡುವವರ ಹೆಸರು, ಇಷ್ಟಾದರೆ ಪತ್ರ ಸಿದ್ಧ. ಮನಸ್ಸು ಬದಲಾದರೆ ಬದಲಿಸಬಹುದು. ಪತ್ರವಿದೆ ಎಂದ ಮಾತ್ರಕ್ಕೆ ಯಾರೂ ಕೊಳವೆ ಕೀಳುವುದಿಲ್ಲ. ಗುಣವಾಗುವ ಆಸೆ ಇಲ್ಲವೆಂದು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ.

ಚಿಕಿತ್ಸೆ ಬೇಡವೆನ್ನಿ ಎಂದು ನಾನು ಹೇಳುತ್ತಿಲ್ಲ. ಕೊನೆಯ ಉಸಿರಿನ ತನಕ ಹೋರಾಡಬೇಕು ಎನ್ನುವವರಿಗೂ ಅದೊಂದು ನಂಬಿಕೆ, ಅದನ್ನೂ ಹೇಳಿಡಲಿ. ಒಬ್ಬರಿಗೆ ತನ್ನ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚುವುದು ದೊಡ್ಡದು, ಇನ್ನೊಬ್ಬರಿಗೆ ಮೊಮ್ಮಗಳ ಮದುವೆ ನೋಡಲು ಎಷ್ಟು ನೋವಾದರೂ ಸರಿ. ಮಕ್ಕಳ ಮನೆ ಅಡವಿಟ್ಟು ಬದುಕಲಾರೆ ಎನ್ನುವವರೂ ಇದ್ದಾರೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ ಇದನ್ನು ತಿಳಿಯಲಾರರು. ಅವರಿಗೂ ಒಂದು ಮಾತು: ‘ಏನು ಮಾಡೋಣ’ ಎಂದು ಕೇಳುವ ಮುನ್ನ ‘ಇವರು ಎಂಥವರು’ ಎಂದು ಮನೆಯವರನ್ನು ಒಮ್ಮೆ ಕೇಳಿ.

ಈ ಭಾನುವಾರ ಊಟವಾದ ಮೇಲೆ ಟಿವಿ ಆರಿಸಿ, ಮನೆಯವರನ್ನು ಕೂರಿಸಿಕೊಂಡು ನಿಮಗೇನು ಬೇಕು, ಏನು ಬೇಡ ಎಂದು ಹೇಳಿ. ಅಪ್ಪ ಅಮ್ಮ ಇದ್ದರೆ ಅವರದ್ದನ್ನೂ ಕೇಳಿಸಿಕೊಳ್ಳಿ. ಆಮೇಲೆ ನೋಟರಿ ಹತ್ತಿರ ಹೋಗಿ.