ಹಗಲು ರಾತ್ರಿ ಅದಲುಬದಲಾದಾಗ

ಪುಣೆಯಿಂದ ಹೈದರಾಬಾದಿನತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಜಹೀರಾಬಾದ್ ಸೀಮೆಯನ್ನು ಹಾದುಹೋಗುತ್ತದೆ. ಈ ಹೆದ್ದಾರಿಯಲ್ಲಿ, ನಾರಾಯಣಖೇಡದ ಹಳ್ಳಿರಸ್ತೆಗಳಲ್ಲಿ, ತಾಂಡೂರಿನ ಫರಸಿ ಕಲ್ಲಿನ ಗಣಿಗಳಲ್ಲಿ ತಲೆಗೆ ಪೆಟ್ಟು ಬಿದ್ದು ಬದುಕುಳಿದವರ ಮನೆಗಳಲ್ಲಿ ಒಂದು ಮಾತು ಕೇಳಿಬರುವುದುಂಟು: "ಹಗಲೆಲ್ಲ ಮಲಗ್ತಾನ, ರಾತ್ರಿ ಎದ್ದು ಕೂಡ್ತಾನ." ಹೊಲಿಗೆ ಬಿಚ್ಚಿಯಾಗಿದೆ, ಗಾಯ ಮಾಯ್ದಿದೆ, ಇನ್ನೇಕೆ ಈ ಜಡತ್ವ ಎಂದು ಮನೆಯವರು ಬೇಸರಪಡುತ್ತಾರೆ. ಸೋಮಾರಿ ಎಂಬ ಹೆಸರೂ ಅಂಟಿಕೊಳ್ಳುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಅದು ಸೋಮಾರಿತನವಲ್ಲ. ಮಿದುಳಿನ ಗಾಯದ್ದೇ ಮುಂದುವರಿದ ಪರಿಣಾಮ.

ಮಿದುಳಿಗೆ ಗಾಯವಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ನಿದ್ರಾದೋಷ ಇರುತ್ತದೆಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಒಂದು ವಿಶ್ಲೇಷಣೆ ತಿಳಿಸಿತು. ನಿದ್ರೆ ಮತ್ತು ಎಚ್ಚರಗಳ ಕಾಲವನ್ನು ನಿರ್ಧರಿಸುವ ಗಡಿಯಾರವು ಮಿದುಳಿನ ತಳದಲ್ಲಿ, ಹೈಪೊಥಲಾಮಸ್ ಎಂಬ ಭಾಗದಲ್ಲಿದೆ. ಆ ಗಡಿಯಾರಕ್ಕೆ ಪ್ರತಿದಿನ ವೇಳೆ ತಿಳಿಸುವುದು ಬೆಳಕು. ಕಣ್ಣಿನ ರೆಟಿನಾದಲ್ಲಿರುವ ಕೆಲವು ವಿಶೇಷ ಜೀವಕೋಶಗಳು ಆಕಾರಗಳನ್ನು ಗುರುತಿಸುವುದಕ್ಕಿಂತ ಮುಖ್ಯವಾಗಿ, ಬೆಳಗಾಯಿತೆಂಬ ಸುದ್ದಿಯನ್ನು ಆ ಗಡಿಯಾರಕ್ಕೆ ಮುಟ್ಟಿಸುತ್ತವೆ. ನೀಲಿ ಬಣ್ಣದ ಬೆಳಕಿಗೆ ಅವು ಹೆಚ್ಚಾಗಿ ಸ್ಪಂದಿಸುತ್ತವೆ. ತಲೆಗೆ ಬಿದ್ದ ಪೆಟ್ಟು ಈ ವ್ಯವಸ್ಥೆಯನ್ನು ಕೆಡಿಸಬಲ್ಲದು. ಅದರ ಮೇಲೆ ರೋಗಿಯನ್ನು ತಿಂಗಳುಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಮಲಗಿಸಿದರೆ, ಗಡಿಯಾರಕ್ಕೆ ಬರಬೇಕಾದ ಸುದ್ದಿಯೂ ನಿಂತುಹೋಗುತ್ತದೆ.

ಬೆಳಕಿನ ಚಿಕಿತ್ಸೆಯ ಆಧಾರ ಇದೇ. ಆಸ್ಟ್ರೇಲಿಯದ ಮೆಲ್ಬರ್ನ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಂದಿ ಇದ್ದರು. ಮನೆಯಲ್ಲಿಯೇ ಪ್ರತಿ ಬೆಳಿಗ್ಗೆ 45 ನಿಮಿಷದಂತೆ ನಾಲ್ಕು ವಾರ ನೀಲಿ ಬೆಳಕಿನ ಮುಂದೆ ಕುಳಿತವರಲ್ಲಿ ದಣಿವೂ ಹಗಲಿನ ತೂಕಡಿಕೆಯೂ ಕಡಿಮೆಯಾದವು. ಚಿಕಿತ್ಸೆ ನಿಲ್ಲಿಸಿದ ಬಳಿಕ ಸ್ಥಿತಿ ಮೆಲ್ಲಗೆ ಮೊದಲಿನತ್ತ ಹೊರಳತೊಡಗಿತು. ಅಮೆರಿಕದ ಅರಿಜೋನದಿಂದ 2020ರಲ್ಲಿ ಬಂದ ಮತ್ತೊಂದು ಅಧ್ಯಯನವು ತಲೆಗೆ ಲಘುವಾದ ಪೆಟ್ಟು ಬಿದ್ದ 32 ಮಂದಿಯನ್ನು ಆರು ವಾರ ಪರೀಕ್ಷಿಸಿತು; ಬೆಳಗಿನ 30 ನಿಮಿಷದ ನೀಲಿ ಬೆಳಕು ಅವರ ಹಗಲಿನ ತೂಕಡಿಕೆಯನ್ನು ಇಳಿಸಿತು. ಎರಡೂ ಸಣ್ಣ ಅಧ್ಯಯನಗಳು. ಇವುಗಳಿಂದ ಆಸೆ ಹುಟ್ಟಬೇಕು, ಭ್ರಮೆ ಹುಟ್ಟಬಾರದು. ಬೆಳಕು ಗಾಯವನ್ನು ಅಳಿಸಲಾರದು; ಹಗಲನ್ನು ಹಗಲಾಗಿ ಉಳಿಸಲು ನೆರವಾಗಬಹುದು, ಅಷ್ಟೇ.

ಚಿಕಿತ್ಸೆಗೆ ಬಳಸುವ ಬಿಳಿ ಬೆಳಕಿನ ಪೆಟ್ಟಿಗೆ ಸಾಮಾನ್ಯವಾಗಿ 10,000 ಲಕ್ಸ್ ಪ್ರಮಾಣದ್ದು. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮೀರುವುದು ಅಪರೂಪ. ಬಯಲಿನಲ್ಲಾದರೋ, ಹೊತ್ತು ಏರಿದ ಮೇಲೆ ನೆರಳಿನಲ್ಲಿಯೂ ಹಲವು ಸಾವಿರ ಲಕ್ಸ್ ಬೆಳಕಿರುತ್ತದೆ. ಆದುದರಿಂದ ಪೆಟ್ಟಿಗೆ ಕೊಳ್ಳಲಾಗದ ಮನೆಯವರು, ವೈದ್ಯರನ್ನು ಕೇಳಿ, ರೋಗಿಯನ್ನು ದಿನವೂ ಒಂದೇ ಹೊತ್ತಿಗೆ ಎಬ್ಬಿಸಿ ಬಿಸಿಲೇರುವ ಮುನ್ನ ಅಂಗಳದಲ್ಲಿ ಅರ್ಧ ತಾಸು ಕೂರಿಸಬಹುದು. ಸೂರ್ಯನನ್ನು ದಿಟ್ಟಿಸಿ ನೋಡಬಾರದು. ಸಂಜೆಯ ಬಳಿಕ ಮೊಬೈಲು, ಟಿ.ವಿ.ಗಳ ಬೆಳಕನ್ನು ತಗ್ಗಿಸಬೇಕು. ಇಲ್ಲವಾದರೆ ಬೆಳಿಗ್ಗೆ ಗಳಿಸಿದ್ದು ರಾತ್ರಿ ಕಳೆದಂತಾಗುತ್ತದೆ.

ವೈದ್ಯರನ್ನು ಕೇಳಬೇಕೆಂಬುದು ಬರಿಯ ಉಪಚಾರದ ಮಾತಲ್ಲ. ಪೆಟ್ಟಿನ ನಂತರ ಫಿಟ್ಸ್ ಬರುತ್ತಿರುವವರು, ಕಣ್ಣಿನ ರೋಗವುಳ್ಳವರು, ಉನ್ಮಾದದ ಹಿನ್ನೆಲೆಯವರು, ಬೆಳಕು ಕಂಡರೆ ತಲೆನೋವು ಕೆರಳುವವರು ಇದನ್ನು ತಾವಾಗಿಯೇ ಆರಂಭಿಸಬಾರದು. ಗೊರಕೆಯ ನಡುವೆ ಉಸಿರು ನಿಲ್ಲುವ ದೋಷವಿದ್ದರೆ ಅದರ ಚಿಕಿತ್ಸೆಯೇ ಬೇರೆ. ಪೆಟ್ಟು ಬಿದ್ದ ಕೆಲವು ದಿನ ಅಥವಾ ವಾರಗಳಲ್ಲಿ ಮಂಪರು ಹೆಚ್ಚುತ್ತಾ ಹೋದರೆ, ವಾಂತಿಯಾದರೆ, ಮಾತು ತೊದಲಿದರೆ ಅದು ತಲೆಯೊಳಗಿನ ರಕ್ತಸ್ರಾವದ ಲಕ್ಷಣವಿರಬಹುದು. ಆಗ ಅಂಗಳವಲ್ಲ, ಆಸ್ಪತ್ರೆಯೇ ಗತಿ.

ಇನ್ನು ಕಾನೂನಿನ ಮಾತು. ಅಪಘಾತದ ಗಾಯಾಳು ಮೋಟಾರು ವಾಹನ ಕಾಯ್ದೆ, 1988ರ 166ನೆಯ ಕಲಮಿನಡಿ ಪರಿಹಾರ ಕೋರುವಾಗ ಮುರಿದ ಮೂಳೆಯನ್ನು ಎಕ್ಸ್‌ರೇ ತೋರಿಸುತ್ತದೆ. ಕೆಟ್ಟ ನಿದ್ರೆಯನ್ನು ತೋರಿಸುವ ಎಕ್ಸ್‌ರೇ ಇಲ್ಲ. ಅಂಗವೈಕಲ್ಯದ ಶೇಕಡಾ ಪ್ರಮಾಣವನ್ನೇ ಯಾಂತ್ರಿಕವಾಗಿ ಗಳಿಕೆಯ ನಷ್ಟವೆಂದು ಎಣಿಸದೆ, ಆ ವೈಕಲ್ಯವು ಆತನ ದುಡಿಮೆಯ ಶಕ್ತಿಯನ್ನು ಎಷ್ಟು ಕುಂದಿಸಿತೆಂಬುದನ್ನು ನೋಡಬೇಕೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ. ರಾತ್ರಿ ಲಾರಿ ಓಡಿಸುವವನಿಗೆ, ಕಲ್ಲು ಕೊರೆಯುವ ಯಂತ್ರದ ಮುಂದೆ ನಿಲ್ಲುವವನಿಗೆ ಹಗಲಿನ ಒಂದು ತೂಕಡಿಕೆಯೂ ಉದ್ಯೋಗವನ್ನೇ ಕಸಿಯಬಲ್ಲದು. ಆದರೆ ವೈದ್ಯರ ದಾಖಲೆಯಲ್ಲಿ ಬರೆಯದ ಸಂಕಟವನ್ನು ನ್ಯಾಯಮಂಡಳಿಯ ಮುಂದೆ ಸಾಬೀತುಪಡಿಸುವುದು ಕಷ್ಟ.

ಅದಕ್ಕಾಗಿ ಒಂದು ನೋಟ್‌ಬುಕ್ ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಹಗಲು ಎಷ್ಟು ನಿದ್ರೆ, ಯಾವ ಮಾತ್ರೆ, ಬೆಳಕಿನಲ್ಲಿ ಎಷ್ಟು ನಿಮಿಷ: ಇವನ್ನು ತಾರೀಖು ಹಾಕಿ ಎರಡು ವಾರ ಬರೆದಿಡಬೇಕು. ಗಡಿಭಾಗದ ಕನ್ನಡ ಮನೆಯವರು ಬೀದರಿಗೆ ಹೋದರೆ ಕನ್ನಡದಲ್ಲಿ ಹೇಳಿಕೊಳ್ಳಬಹುದು. ಹೈದರಾಬಾದಿನಲ್ಲಿ ಮಾತಿಗೆ ತಡವರಿಸಬೇಕಾದೀತು. ಆದರೆ ಅಂಕಿಗಳನ್ನು ಯಾವ ಊರಿನ ವೈದ್ಯರೂ ಓದುತ್ತಾರೆ. ಅದನ್ನು ತೋರಿಸಿ, ನಿದ್ರೆಯ ದೋಷವನ್ನು ಚೀಟಿಯಲ್ಲಿ ಬರೆದುಕೊಡಿರೆಂದು ಕೇಳುವುದು ಗಾಯಾಳುವಿನ ಹಕ್ಕು. ಚಿಕಿತ್ಸೆ ಆರಂಭವಾಗುವುದೂ ಆ ಬರಹದಿಂದಲೇ, ಪರಿಹಾರದ ವಾದ ನಿಲ್ಲುವುದೂ ಅದರ ಮೇಲೆಯೇ.