ತಾಳಿಯೂ ರಹದಾರಿಯೂ

ಮೊನ್ನೆ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಹಳೆಯ ಮಿತ್ರರೊಬ್ಬರು ಸಿಕ್ಕಿದರು. ಅವರ ಮಗಳು ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕದಲ್ಲಿ ಓದುತ್ತಿದ್ದಾಳೆ. "ಅಲ್ಲಿಯ ಪೌರನಾದ ವರನೇ ಗೊತ್ತಾಗಿದ್ದಾನೆ, ಮೇಷ್ಟ್ರೇ, ಇನ್ನು ವೀಸಾದ ಚಿಂತೆಯಿಲ್ಲ" ಎಂದರು. ವರನ ಗುಣದ ಮಾತು ಆಮೇಲೆ ಬಂದಿತು.

ಚಿಂತೆ ಅಷ್ಟು ಸುಲಭವಾಗಿ ತೀರುವಂಥದಲ್ಲ. ಪೌರನನ್ನು ವರಿಸಿದ ವಿದ್ಯಾರ್ಥಿನಿ ಆ ದೇಶ ಬಿಡದೆಯೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ನಿಜ. ಆದರೆ 1986ರ ಕಾಯಿದೆಯಂತೆ, ಮದುವೆಯಾಗಿ 2 ವರ್ಷ ತುಂಬುವ ಮೊದಲೇ ದೊರೆತ ಗ್ರೀನ್ ಕಾರ್ಡು ಷರತ್ತಿನದು. ಅದರ ಅವಧಿ 2 ವರ್ಷ ಮಾತ್ರ. ಷರತ್ತನ್ನು ಕಳೆಯಲು ಸಾಮಾನ್ಯವಾಗಿ ಗಂಡಹೆಂಡಿರಿಬ್ಬರೂ ಕೂಡಿ ಅರ್ಜಿಗೆ ರುಜು ಹಾಕಬೇಕು. ಮನೆಯಲ್ಲಿ ಮನಸ್ತಾಪ ಬಂದಾಗ ಆ ರುಜುವೇ ಬೆದರಿಕೆಯಾಗಬಾರದೇಕೆ?

ಪ್ರಾಮಾಣಿಕವಾಗಿ ಆದ ಮದುವೆ ಮುರಿದುಬಿದ್ದರೆ, ಅಥವಾ ಹೆಂಡತಿ ಹಿಂಸೆಗೊಳಗಾದರೆ, ಅವಳೊಬ್ಬಳೇ ಅರ್ಜಿ ಹಾಕಲು ಅದೇ ಕಾನೂನಿನಲ್ಲಿ ದಾರಿಯುಂಟು. ನಿಶ್ಚಿತಾರ್ಥಕ್ಕೆ ಮೊದಲು ಎಷ್ಟು ಮಂದಿ ತಂದೆತಾಯಿಗಳು ಮಗಳಿಗೆ ಇದನ್ನು ತಿಳಿಸುತ್ತಾರೆ?

ಮಿತ್ರರಿಗೆ ನಾನು ಹೇಳಿದ್ದಿಷ್ಟು: "ಮದುವೆಯಾಗಲಿ, ಆದರೆ ಮಗಳು ಓದು ನಿಲ್ಲಿಸದಿರಲಿ. ತನ್ನ ಕಾಗದಪತ್ರಗಳನ್ನು ತಾನೇ ಇಟ್ಟುಕೊಳ್ಳಲಿ. ವೀಸಾದ ಅನುಕೂಲ ಇಲ್ಲದಿದ್ದರೂ ಈ ಹುಡುಗನನ್ನು ಒಪ್ಪುತ್ತಿದ್ದಳೇ ಎಂದು ಅವಳನ್ನೇ ಕೇಳಿ."

ಅವರು ಅದನ್ನು ಇನ್ನೂ ಕೇಳಿರಲಿಲ್ಲ.