ಎರಡು ದಿನ, ಒಂದೇ ರಾಜಧಾನಿ

ಇತ್ತಿತ್ತಲಾಗಿ ನಮ್ಮ ರಬಕವಿಯ ಸುಶಿಕ್ಷಿತ ಮನೆತನಗಳಲ್ಲಿ ಯೂರೋಪಿನ ಪ್ರವಾಸವು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗನೋ ಮಗಳೋ ಅತ್ತ ಉದ್ಯೋಗದಲ್ಲಿರುವರು; ತಾಯಿತಂದೆಗಳು ಹೋಗಿ ಬರುವರು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬಂದುದರಿಂದ ಕನ್ನಡಕ್ಕೆ 1940ರಲ್ಲಿ 'ಸಮುದ್ರಗೀತೆಗಳು' ದೊರೆತವು. ಪರದೇಶವನ್ನು ಕಣ್ದೆರೆದು ಕಂಡವನು ಬರಿಗೈಯಿಂದ ಮರಳುವುದಿಲ್ಲ. ನಮ್ಮ ಜಗಳವಿರುವುದು ಪರದೇಶದೊಡನೆ ಅಲ್ಲ; ನಮ್ಮೊಡನೆಯೇ.

ಕಳೆದ ವರ್ಷ ಸ್ನೇಹಿತರೊಬ್ಬರ ಮನೆಯಲ್ಲಿ ಪ್ಯಾರಿಸ್ ನಗರದಲ್ಲಿ ಎರಡು ದಿನ ಕಳೆಯುವ ಯೋಜನೆ ನಡೆದಿತ್ತು. ಏನು ಸಿದ್ಧತೆ! ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆಯೆಂಬುದನ್ನು ವಿಚಾರಿಸಿ ತಿಳಿದಾಗಿತ್ತು. ನದಿಯ ದಂಡೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ನಡೆಯಬೇಕೆಂಬುದನ್ನು ವಹಿಯಲ್ಲಿ ಬರೆದಾಗಿತ್ತು. "ಎಲ್ಲಾ ನೋಡಾಕ ಹೋದರ ಯಾವದೂ ನೋಡಿದಂಗಾಗೂದಿಲ್ಲ" ಎಂದು ಆ ಮನೆಯ ಯಜಮಾನಿಯವರು ಹೇಳಿದ ಮಾತಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆನು.

ಅದೇ ಮನೆಯವರು ಮುಂದೆ ಕೆಲವು ತಿಂಗಳಿಗೆ ಬಂಧುಗಳೊಡನೆ ಬಾದಾಮಿಗೆ ಹೊರಟರು. ಒಂದೇ ದಿನದಲ್ಲಿ ಬನಶಂಕರಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ! ಬಾದಾಮಿಯ ಪಾಲಿಗೆ ಬಂದುದು ನಾಲ್ವತ್ತು ನಿಮಿಷ. ಆ ಗಾಡಿಯಲ್ಲಿ ನಾನೂ ಇದ್ದೆನಾದುದರಿಂದ ಈ ದೋಷಾರೋಪಣೆಯಲ್ಲಿ ಮೊದಲನೆಯ ಅಪರಾಧಿಯು ನಾನೇ. ಮೂರನೆಯ ಗುಹೆಯ ಹತ್ತಿರ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂಡೆಯತ್ತ ಬೆರಳು ಮಾಡಿ, "ಕಾಕಾ, ಇಲ್ಲಿ ಏನ ಬರದಾರ?" ಎಂದು ಕೇಳಿದಳು. "ಹಳೆಗನ್ನಡ ಐತಿ ತಂಗಿ, ನಡಿ, ಹೊತ್ತಾತು" ಎಂದೆನು. ಆ ಉತ್ತರವು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ನಾನು ಹೇಳಬೇಕಾಗಿದ್ದುದೇನು? ಈ ಗುಹೆಯನ್ನು ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಚಲುಕ್ಯರ ಮಂಗಲೇಶನು ವಿಷ್ಣುವಿಗಾಗಿ ಮಾಡಿಸಿ, ಅದರ ಪುಣ್ಯಫಲವನ್ನು ತನ್ನ ಅಣ್ಣನಾದ ಕೀರ್ತಿವರ್ಮನಿಗೆ ಸಲ್ಲಿಸಿದನೆಂದು ಸಂಸ್ಕೃತ ಶಾಸನವು ಸಾರುತ್ತದೆ. ಅಲ್ಲಿಯೇ ಇರುವ ಚಿಕ್ಕ ಕನ್ನಡ ಶಾಸನವು ಅದೇ ಅರಸನ ದತ್ತಿಯನ್ನು ಹೇಳುವಾಗ ಆ ಗುಹೆಯನ್ನು 'ಕಲ್ಮನೆ' ಎಂದು ಕರೆದಿದೆ. ಕಲ್ಲಿನ ಮನೆ! ಒಂಬತ್ತು ವರ್ಷದ ಕೂಸಿಗೆ ಅರ್ಥವಾಗದ ಶಬ್ದವೇ ಇದು? ಸಾವಿರದ ನಾನೂರು ವರ್ಷಗಳಾಚೆಯಿಂದ ಒಂದು ಶಬ್ದವು ಅವಳ ಕೈಹಿಡಿಯಲು ಬಂದಿತ್ತು. ನಡುವೆ ಅಡ್ಡ ನಿಂತವನು ನಾನು.

ಈಗ ನಮ್ಮವರ ಸಮಾಧಾನಗಳನ್ನು ನೋಡೋಣ. "ಬಾದಾಮಿ ಹತ್ತಿರದ್ದು, ಯಾವಾಗ ಬೇಕಾದರೂ ಹೋಗಬಹುದು" ಎಂಬುದು ಮೊದಲನೆಯದು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವನ್ನು ಯಾವಾಗಲೂ ಮಾಡದಿರುವುದೇ ಲೋಕದ ರೂಢಿ. ನಮ್ಮ ಮಗ್ಗುಲಲ್ಲಿಯೇ ಇರುವ ತೇರದಾಳದ ಜಿನಾಲಯದ ಹನ್ನೆರಡನೆಯ ಶತಮಾನದ ಶಾಸನವನ್ನು ನಮ್ಮಲ್ಲಿ ಎಷ್ಟು ಜನ ನಿಂತು ನೋಡಿರುವೆವು? ಸಾಮೀಪ್ಯವು ಪರಿಚಯವಲ್ಲ.

"ಕಲ್ಲು ನೋಡಲು ಎರಡು ದಿನವೇಕೆ?" ಎಂಬುದು ಎರಡನೆಯದು. ನಾವು ನೇಕಾರರ ಊರಿನವರು. ಒಂದು ಸೀರೆಯನ್ನು ಕೊಳ್ಳುವಾಗ ಸೆರಗು ಬಿಚ್ಚಿ, ಅಂಚು ತಿರುವಿ, ಬೆಳಕಿಗೆ ಹಿಡಿದು ಅರ್ಧ ತಾಸು ಕಳೆಯುವ ನಾವು ಒಂದು ರಾಜಧಾನಿಯನ್ನು ನಾಲ್ವತ್ತು ನಿಮಿಷದಲ್ಲಿ ಮುಗಿಸುವುದು ನ್ಯಾಯವೇ? ರಾಜಧಾನಿಯೆಂದರೆ ಒಂದು ಗುಡಿಯಲ್ಲ. ಕ್ರಿ. ಶ. 543ರಲ್ಲಿ ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದನೆಂದು ಅಲ್ಲಿಯ ಬಂಡೆಗಲ್ಲೇ ಹೇಳುತ್ತದೆ. ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥ, ಮೇಲೆ ಕೋಟೆ, ಒಂದೇ ಬೆಟ್ಟದ ಮಗ್ಗುಲಲ್ಲಿ ಶೈವ, ವೈಷ್ಣವ, ಜೈನ ಗುಹೆಗಳು. ಹರ್ಷನನ್ನು ನರ್ಮದೆಯಲ್ಲಿ ತಡೆದ ಇಮ್ಮಡಿ ಪುಲಕೇಶಿಯು ಆಳಿದ ಊರು ಇದು. 642ರಲ್ಲಿ ಪಲ್ಲವ ನರಸಿಂಹವರ್ಮನ ಕೈಗೆ ಬಿದ್ದು, ಮತ್ತೆ ಎದ್ದ ಊರು. ಏಕೆ ಇಲ್ಲಿಯೇ ಅರಸರು ನೆಲೆಸಿದರೆಂಬುದು ನೀರಿನ ಅಂಚಿನಲ್ಲಿ ನಡೆದು, ಕೋಟೆಯನ್ನು ಹತ್ತಿ ಕೆಳಗೆ ನೋಡಿದವನಿಗಲ್ಲದೆ ಗಾಡಿಯ ಕಿಟಕಿಯಿಂದ ತಿಳಿಯದು.

"ಅಲ್ಲಿ ಅನುಕೂಲತೆ ಸಾಲದು, ತಿಳಿಯಹೇಳುವವರಿಲ್ಲ" ಎಂಬುದು ಮೂರನೆಯದು. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಆದರೆ ಪ್ಯಾರಿಸ್ಸಿಗೆ ಹೋಗುವಾಗ ತಿಳಿಯಹೇಳುವವರನ್ನು ಕಾಯದೆ ತಾವೇ ಓದಿಕೊಂಡವರು ಬಾದಾಮಿಗೆ ಹೋಗುವಾಗ ಮಾತ್ರ ಓದನ್ನು ಮರೆಯುವುದೇಕೆ? ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಭಾಷೆಯನ್ನು ಕಲಿತು ಈ ಶಾಸನಗಳನ್ನು ಓದಿ ಪ್ರಕಟಿಸಿದನು. ಆಲೂರು ವೆಂಕಟರಾಯರು 1917ರಲ್ಲಿಯೇ 'ಕರ್ನಾಟಕ ಗತವೈಭವ'ವನ್ನು ನಮ್ಮ ಕೈಗಿತ್ತರು. ಓದತಕ್ಕದ್ದು ಇದೆ, ಓದತಕ್ಕವರು ಬೇಕಾಗಿದ್ದಾರೆ.

ಆದುದರಿಂದ ನಮ್ಮ ಸೂಚನೆ ಇಷ್ಟೇ: ಎರಡು ದಿನ, ಒಂದೇ ರಾಜಧಾನಿ. ಶನಿವಾರ ಬೆಳಗ್ಗೆ ರಬಕವಿಯಿಂದ ಹೊರಟು, ಮುಧೋಳದಲ್ಲಿ ರನ್ನನ ಊರೆಂದು ಮಕ್ಕಳಿಗೆ ಹೇಳಿ ಮುಂದುವರಿದರೆ ಮಧ್ಯಾಹ್ನದ ಬುತ್ತಿಯನ್ನು ಬಾದಾಮಿಯಲ್ಲಿ ಬಿಚ್ಚಬಹುದು. ಊಟವಾದ ಮೇಲೆ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ. ಅದಕ್ಕೆ ಶುಕ್ರವಾರ ರಜೆಯೆಂಬುದನ್ನೂ ಲೂವ್ರಿನ ಮಂಗಳವಾರದಂತೆಯೇ ನೆನಪಿಡತಕ್ಕದ್ದು. ಸಂಜೆ ಕೆರೆಯ ಮೂಡಣ ತುದಿಯ ಭೂತನಾಥ ಗುಡಿಗಳ ಮುಂದೆ ಸುಮ್ಮನೆ ಕೂಡ್ರುವುದು. ರಾತ್ರಿ ಅಲ್ಲಿಯೇ ವಸತಿ. ರವಿವಾರ ಬಿಸಿಲೇರುವ ಮೊದಲು ಉತ್ತರದ ಕೋಟೆ, ಮೇಲಣ ಮತ್ತು ಕೆಳಗಣ ಶಿವಾಲಯಗಳು, ಮಾಲೆಗಿತ್ತಿ ಶಿವಾಲಯ. ಬಳಿಕ ನಾಲ್ಕೂ ಗುಹೆಗಳು, ಅವಸರವಿಲ್ಲದೆ. ಹೊತ್ತು ಉಳಿದರೆ ಕಪ್ಪೆ ಅರಭಟ್ಟನ ಶಾಸನದ ಬಂಡೆ. ಸುಮಾರು ಕ್ರಿ. ಶ. 700ರ ಆ ಶಾಸನದಲ್ಲಿ ನಮ್ಮ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತಿದ್ದ ತ್ರಿಪದಿಯೇ ಕಲ್ಲಿನ ಮೇಲೆ ನಿಂತಿದೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ತಪ್ಪದೆ ಕರೆದೊಯ್ಯಿರಿ. ಆ ಧಾಟಿಯು ಅವರಿಗೆ ಗೊತ್ತು.

ಪಟ್ಟದಕಲ್ಲನ್ನೂ ಐಹೊಳೆಯನ್ನೂ ಬಿಡುವುದೇ? ಬಿಡತಕ್ಕದ್ದೇ, ಇನ್ನೊಂದು ವಾರಕ್ಕೆ. 634ರಲ್ಲಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡ ರವಿಕೀರ್ತಿಯು ಐಹೊಳೆಯ ಮೇಗುತಿಯಲ್ಲಿ ನಮಗಾಗಿ ಕಾಯಬಲ್ಲನು. ಆದಿಲಶಾಹಿಗಳ ವಿಜಯಪುರವೂ ಒಂದು ರಾಜಧಾನಿಯೇ. ಅದಕ್ಕೂ ಬೇರೆ ಎರಡು ದಿನಗಳು ಸಲ್ಲತಕ್ಕವು.

ಕಲ್ಲು ಕಾಯುತ್ತದೆ, ಮಕ್ಕಳು ಕಾಯುವುದಿಲ್ಲ. ಎರಡು ಸಲ "ನಡಿ, ಹೊತ್ತಾತು" ಎಂಬ ಉತ್ತರವನ್ನು ಪಡೆದ ಮಗುವು ಮೂರನೆಯ ಸಲ ಕೇಳುವುದಿಲ್ಲ. ಮುಂದೆ ಅದು ದೊಡ್ಡದಾಗಿ ಪ್ಯಾರಿಸ್ಸಿನಲ್ಲಿ ನಿಂತಾಗ, ನಿನ್ನ ಸೀಮೆಯಲ್ಲಿ ಏನಿದೆಯೆಂದು ಯಾರಾದರೂ ವಿಚಾರಿಸಿದರೆ ತಲೆ ತಗ್ಗಿಸಬೇಕಾಗುವುದು. ಆ ತಪ್ಪು ಮಗುವಿನದಲ್ಲ.

ಆ ಹುಡುಗಿಗೆ ಈಗ ಹತ್ತು ತುಂಬಿದೆ. ಈ ಮಳೆಗಾಲ ಮುಗಿಯುತ್ತಲೇ ಅವಳನ್ನೂ ಅವಳ ಅಜ್ಜಿಯನ್ನೂ ಕರೆದುಕೊಂಡು ಬಾದಾಮಿಗೆ ಹೊರಡುವವನಿದ್ದೇನೆ. ಮೊದಲು ಕಲ್ಮನೆಗೆ ಹೋಗಿ ಬಾಕಿ ಉಳಿದ ಉತ್ತರವನ್ನು ಸಲ್ಲಿಸಬೇಕು.